ಉಗುರಿನೊಳಗಿನ ಚಂದ್ರ

ಸುಮ್ಮನೆ ಕೂತುಕೊಳ್ಳುವುದೂ ಒಂದು ವಿದ್ಯೆ. ನಮ್ಮ ಮನೆಯಲ್ಲಿ ಅದು ಒಲಿದಿರುವುದು ಅತ್ತೆಯವರಿಗೆ ಮಾತ್ರ. ಬಸವಕಲ್ಯಾಣದ ನಮ್ಮ ಮನೆಯ ಕಟ್ಟೆಯ ಮೇಲೆ ಬೆಳಗಿನ ಬಿಸಿಲಿಗೆ ಕೂತರೆ, ಆ ಬಿಸಿಲು ಎದುರು ಮನೆಗೆ ಹೋಗುವವರೆಗೂ ಅವರು ಕೂತಿರಬಲ್ಲರು. ಕೈಯಲ್ಲಿ ಏನೂ ಇರುವುದಿಲ್ಲ. ಏನೂ ಇಲ್ಲವಲ್ಲ ಎಂಬ ಬೇಸರ ಮುಖದಲ್ಲೂ ಇರುವುದಿಲ್ಲ. ನನಗೆ ಆ ವಿದ್ಯೆ ಬರಲಿಲ್ಲ. ನಾನು ಹುಮನಾಬಾದಿನ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಬಸ್ಸು ಬರುವವರೆಗೆ ಫೋನು, ಸೀಟು ಸಿಕ್ಕರೆ ಫೋನು, ಸಿಗದಿದ್ದರೆ ಕಂಬಿಗೆ ಒಂದು ಕೈ ಕೊಟ್ಟು ಇನ್ನೊಂದು ಕೈಯಲ್ಲಿ ಫೋನು. ಹಾಲು ಕಾಯುವವರೆಗೆ ಒಂದೆರಡು ಪುಟ್ಟ ವಿಡಿಯೊ ನೋಡಿಬಿಡೋಣ ಎಂದು ನಿಲ್ಲುತ್ತೇನೆ. ಹಾಗಾಗಿ ನಮ್ಮ ಮನೆಯಲ್ಲಿ ಹಾಲು ಉಕ್ಕದೆ ಇಳಿದ ದಿನಗಳು ಕಡಿಮೆ. ಇಂಥ ನನ್ನ ಮಗಳು ಸೃಷ್ಟಿ ಐದನೇ ಕ್ಲಾಸು. ಸಂಜೆ ನಾನು ಚಪ್ಪಲಿ ಬಿಡುವುದರೊಳಗೆ ಫೋನು ಅವಳ ಕೈಗೆ ಹೋಗಿರುತ್ತದೆ. ನಾನು ರೊಟ್ಟಿ ಬಡಿದು ಮುಗಿಸುವವರೆಗೆ ಅವಳು ನನ್ನನ್ನು ಕಾಡುವುದಿಲ್ಲ, ನಾನು ಅವಳು ಏನು ನೋಡುತ್ತಿದ್ದಾಳೆ ಎಂದು ಕೇಳುವುದಿಲ್ಲ. ಯಾರೂ ಕೂತು ಮಾಡದೆ ತಾನಾಗಿ ಆಗಿಹೋದ ಒಪ್ಪಂದ ಅದು.

ಒಂದು ಸಂಜೆ ಅವಳು ಫೋನು ಕೆಳಗಿಟ್ಟು ಹೋಗಿ ಅತ್ತೆಯವರ ಎದುರಿಗೆ ಕೂತು, “ಆಯಿ, ನಿನ್ನ ಕೈ ತೋರಸು” ಎಂದಳು. ಉಗುರಿನ ಬುಡದಲ್ಲಿ ಬೆಳ್ಳಗೆ ಅರ್ಧಚಂದ್ರ ಕಾಣದಿದ್ದರೆ ಮೈಯಲ್ಲಿ ದೊಡ್ಡ ರೋಗ ಅಡಗಿದೆ ಎಂದು ಯಾವುದೋ ವಿಡಿಯೊದಲ್ಲಿ ಹೇಳಿದ್ದರಂತೆ. ಅತ್ತೆಯವರ ಉಗುರಿನಲ್ಲಿ ಚಂದ್ರ ಇರಲಿಲ್ಲ. ಅವರಿಗೆ ಭಯವಾಗುವುದರ ಬದಲು ಬಹಳ ಸಂತೋಷವಾಯಿತು. ಮೊಣಕಾಲು ನೋವು ಎಂದು ಅವರು ಎಷ್ಟು ಹೇಳಿದರೂ ನಾವು ಎಣ್ಣೆ ಹಚ್ಚಿಕೊಳ್ಳಿ ಎಂದು ಮುಗಿಸಿಬಿಡುತ್ತಿದ್ದೆವು. ತಮಗೆ ಖರೆ ಖರೆ ಏನೋ ಆಗಿದೆ ಎಂಬುದು ಈ ಕೂಸಿಗಾದರೂ ತಿಳಿಯಿತಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಮರುದಿನ ನಮ್ಮ ಮನೆಯವರ ಸರದಿ. ಅವರದು ಕಬ್ಬಿಣ, ಸಿಮೆಂಟಿನ ಅಂಗಡಿ. ಉಗುರಿನ ಮೇಲೆ ಕೂತ ತುಕ್ಕಿನಲ್ಲಿ ಚಂದ್ರನಿರಲಿ, ಉಗುರೇ ಕಾಣಲಿಲ್ಲ. ಹಾಗಾದರೆ ನಾಲಗೆ ತೋರಿಸಿ ಎಂದಳು. ಅವರು ಆಗಷ್ಟೇ ಪಾನು ಜಗಿದು ಬಂದಿದ್ದರಿಂದ ತಪಾಸಣೆ ಅಲ್ಲಿಗೇ ನಿಂತಿತು. ಹತ್ತಿರದ ಕೊಹಿನೂರು ಹಳ್ಳಿಯಿಂದ ಬಂದಿದ್ದ ಅತ್ತೆಯವರ ತಂಗಿಯಂತೂ ಕೈಯುಗುರು ಸಾಲದೆಂದು ಕಾಲುಂಗುರ ತೆಗೆದಿಟ್ಟು ಕಾಲನ್ನೂ ಮುಂದೆ ಚಾಚಿದರು. ಹೀಗೆ ಎಲ್ಲರದೂ ಆಗಿ ಉಳಿದವಳು ನಾನೊಬ್ಬಳೇ. ಸೃಷ್ಟಿ ಬಂದಾಗ ನನ್ನ ಕೈ ಹಿಟ್ಟಿನಲ್ಲಿತ್ತು, ಆಮೇಲೆ ನೋಡು ಎಂದೆ. ಮರುದಿನ ಕೈ ಸಾಬೂನಿನ ನೊರೆಯಲ್ಲಿತ್ತು, ಅದರ ಮರುದಿನ ಬಸ್ಸಿಗೆ ಹೊತ್ತಾಗಿತ್ತು. ಅವಳು ದಿನಾ ಕೇಳಿದಳು. ನನಗೆ ದಿನಾ ಒಂದು ಕೆಲಸ ಇತ್ತು.

ಈ ಆಟ ನೋಡಿ ನಗುವುದರಲ್ಲೇ ನಾವು ಬೇರೆ ಏನನ್ನೂ ಗಮನಿಸಲಿಲ್ಲ. ಸೃಷ್ಟಿ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಡತೊಡಗಿದಳು. ಕೂತಲ್ಲಿ ಕಾಲು ಅಲ್ಲಾಡಿಸುತ್ತಲೇ ಇರುವಳು. ಬೆಳಿಗ್ಗೆ ಏಳುವಾಗ ನಿದ್ದೆಯೇ ಮಾಡಿಲ್ಲದವರ ಹಾಗೆ ಕಣ್ಣು ಕೆಂಪಗಿರುತ್ತಿದ್ದವು. ಪಾಠ ನಡೆದಿರುವಾಗ ಹುಡುಗಿ ಬಾಗಿಲ ಕಡೆಗೇ ನೋಡುತ್ತಾಳೆ ಎಂದು ಶಾಲೆಯಿಂದ ದೂರು ಬಂತು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅತ್ತೆಯವರ ಫೋನಿನಿಂದ ನನ್ನ ಕಚೇರಿಗೆ ಕರೆ ಮಾಡಿ, “ಮಮ್ಮಿ, ಊಟ ಮಾಡಿದಿ? ಎದಿ ಹ್ಯಾಂಗದ?” ಎಂದು ಕೇಳುವಳು. ಎದೆಯ ಮಾತು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ; ಪಕ್ಕದ ಮೇಜಿನವರಿಗೆ ಹೇಳಿ ನಕ್ಕೆ. ಬರಬರುತ್ತ ಬೆಳಿಗ್ಗೆ ನನ್ನ ಸೆರಗು ಹಿಡಿದು ಬಸ್ ನಿಲ್ದಾಣದವರೆಗೂ ಬರತೊಡಗಿದಳು. ಎಲ್ಲಕ್ಕೂ ಈ ಫೋನೇ ಕಾರಣ ಎಂದು ನಮ್ಮ ಮನೆಯವರು ಹೇಳಿದ ಮೇಲೆ ಅದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟೆ. ನಮ್ಮ ಪ್ರಿನ್ಸಿಪಾಲರು ಅದೇ ಗಳಿಗೆಯಲ್ಲಿ ಕರೆ ಮಾಡಬೇಕೇ? ಡಬ್ಬಿಯೇ ಗುಂಯ್‌ಗುಡತೊಡಗಿತು. ಹಿಟ್ಟು ಕಿವಿಗೆ ಮೆತ್ತಿಕೊಂಡು, ಸೀನು ತಡೆಯುತ್ತ, ಫೈಲು ನಾಳೆ ಹುಡುಕಿಕೊಡುತ್ತೇನೆ ಸರ್ ಎಂದೆ. ತಲೆ ಎತ್ತಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಬಚ್ಚಿಟ್ಟಿದ್ದಕ್ಕೆ ಅವಳು ಜಗಳಕ್ಕೆ ಬರಲಿಲ್ಲ. ಮುಖ ಮಾತ್ರ ಬಿಳಿಚಿತ್ತು. ಏನನ್ನೋ ಮುಚ್ಚಿಡುತ್ತಿರುವವರನ್ನು ನೋಡುವ ಹಾಗೆ ನೋಡಿದಳು.

ಅದಾದ ಕೆಲವೇ ದಿನಕ್ಕೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಉಸಿರಾಡಲು ಬರುತ್ತಿಲ್ಲ ಎಂದು ಸೃಷ್ಟಿ ಕುಸಿದು ಕೂತಳು. ಅಂಗೈ ತಣ್ಣಗೆ, ಎದೆ ದಡದಡ. ನಮ್ಮೂರಿನ ಡಾಕ್ಟರರು ನೋಡಿ, ಏನೂ ಇಲ್ಲ, ಸ್ವಲ್ಪ ನಿತ್ರಾಣ ಎಂದು ಟಾನಿಕ್ ಬರೆದುಕೊಟ್ಟರು. ಟಾನಿಕ್ ಮುಗಿಯಿತು, ಎದೆ ಬಡಿತ ಮುಗಿಯಲಿಲ್ಲ. ಹುಮನಾಬಾದಿನಲ್ಲಿ ಮಕ್ಕಳನ್ನು ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆ, ಮಾತಾಡಿಸಿ ನೋಡುತ್ತಾರೆ ಎಂದು ಕಚೇರಿಯವರು ಹೇಳಿದ್ದರಿಂದ ಒಂದು ಶನಿವಾರ ರಜೆ ಹಾಕಿ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಸೃಷ್ಟಿಯನ್ನು ಹತ್ತಿರ ಕೂರಿಸಿಕೊಂಡು ಏನಾಗುತ್ತದೆ ಎಂದು ಕೇಳಿದರು. ಉತ್ತರ ಕೊಟ್ಟವಳು ನಾನು. ಈಗಿನ ಮಕ್ಕಳು ಹಗಲೂ ರಾತ್ರಿ ಫೋನು ಹಿಡಿಯುವುದು, ಕಣ್ಣು ಹಾಳು, ಊಟ ಇಲ್ಲ, ನಿದ್ದೆ ಇಲ್ಲ, ನಾವೆಲ್ಲ ಚಿಕ್ಕವರಿದ್ದಾಗ ಹೀಗಿರಲಿಲ್ಲ ಎಂದು ಒಂದು ಭಾಷಣವನ್ನೇ ಮಾಡಿದೆ. ಅವರು ಕೈ ಎತ್ತಿ, “ನೀವು ಸ್ವಲ್ಪ ಸುಮ್ಮನಿರ್ರಿ. ಆಕಿ ಹೇಳಲಿ” ಎಂದರು. ಸೃಷ್ಟಿ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

“ನನಗ ಏನೂ ಆಗಿಲ್ರಿ. ಮಮ್ಮಿಗಿ ಆಗ್ಯಾದ.”

“ಏನ್ ಆಗ್ಯಾದ?”

“ಮಮ್ಮಿ ಫೋನ್‌ನಾಗ ಬರೇ ಎದಿ ನಿಲ್ಲೂದರ ವಿಡಿಯೊನೇ ಬರ್ತಾವ್ರಿ. ರೋಗ ಇದ್ದೋರು ಮನ್ಯಾಗ ಹೇಳೂದಿಲ್ಲಂತ. ಉಗುರು ತೋರಸು ಅಂದ್ರ ಎಲ್ಲಾರೂ ತೋರಿಸಿದ್ರು, ಮಮ್ಮಿ ಒಬ್ಬಾಕಿನೇ ತೋರಸವಲ್ಲಳು.”

ಆಗಿದ್ದಿಷ್ಟು. ಈ ಉಗುರಿನ ಆಟ ಶುರುವಾಗುವ ಮೊದಲು ಒಂದು ದಿನ ಖಾಲಿ ಹೊಟ್ಟೆಯಲ್ಲಿ ಬಸ್ ನಿಲ್ದಾಣದ ಮಿರ್ಚಿ ಭಜಿ ತಿಂದು, ಮೇಲೆ ಚಹಾ ಕುಡಿದು, ಎದೆಯಲ್ಲಿ ಉರಿ ಎದ್ದಿತ್ತು. ಮನೆಯಲ್ಲಿ ಹೇಳಿದರೆ ಭಜಿಯ ಲೆಕ್ಕ ಕೊಡಬೇಕು; ಅದೂ ಅಲ್ಲದೆ ಅತ್ತೆಯವರ ಮೊಣಕಾಲಿನ ಮುಂದೆ ನನ್ನ ಎದೆಯದೇನು ನಡೆಯುತ್ತದೆ? ಅದಕ್ಕೇ ಫೋನನ್ನು ಕೇಳಿದೆ. ಎದೆ ನೋವಿನ ಒಂದು ವಿಡಿಯೊವನ್ನು ಕೊನೆಯವರೆಗೂ ನೋಡಿದ್ದೇ ತಡ, ಮರುದಿನದಿಂದ ಅಂಥವೇ ಸಾಲುಗಟ್ಟಿ ಬಂದವು. ಒಂದು ನೋಡಿ ಹೆದರುವುದು, ಹೆದರಿಕೆ ಹೋಗಲೆಂದು ಇನ್ನೊಂದು ನೋಡುವುದು. ಸಂಜೆ ಅದೇ ಫೋನನ್ನು ಮಗಳ ಕೈಗೆ ಕೊಟ್ಟು ರೊಟ್ಟಿ ಬಡಿಯಲು ಹೋಗುವುದು.

ಡಾಕ್ಟರಮ್ಮ ನನ್ನನ್ನು ಬಯ್ಯಲಿಲ್ಲ. ನೀವು ಯಾವುದರ ಮೇಲೆ ಕಣ್ಣಿಡುತ್ತೀರೋ ಅದನ್ನೇ ಫೋನು ಮತ್ತೆ ಮತ್ತೆ ಬಡಿಸುತ್ತದೆ, ಹಿಡಿದ ಕೈ ದೊಡ್ಡವರದೋ ಮಕ್ಕಳದೋ ಅದಕ್ಕೆ ಗೊತ್ತಿಲ್ಲ ಎಂದರು. ಹುಡುಗಿ ನಿಮ್ಮನ್ನು ಕಳೆದುಕೊಳ್ಳುವ ಭಯದಲ್ಲಿ ನಿದ್ದೆಗೆಟ್ಟಿದ್ದಾಳೆ. ನಿದ್ದೆಗೆಟ್ಟ ಮೈಗೆ ಎದೆ ಬಡಿದುಕೊಳ್ಳುತ್ತದೆ. ಬಡಿದುಕೊಂಡಾಗ ಅದಕ್ಕೂ ಒಂದು ವಿಡಿಯೊ ಸಿದ್ಧವಾಗಿರುತ್ತದೆ. ಇಷ್ಟು ಹೇಳಿ, ಹೋಗಿ ಮಂಚದ ಮೇಲೆ ಮಲಗಿ ಎಂದರು. ಯಾರಿಗೆ ಹೇಳುತ್ತಿದ್ದಾರೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಮಕ್ಕಳ ಮಂಚ. ಪರದೆಯ ತುಂಬ ಆನೆ, ಮೊಲಗಳ ಚಿತ್ರ. ನನ್ನ ಮೊಣಕಾಲಿನ ಕೆಳಗಿನದೆಲ್ಲ ಹೊರಗೆ ಜೋತಾಡುತ್ತಿತ್ತು. ಅವರು ಬಿಪಿ ನೋಡಿ, ಎದೆಗೆ ಕೊಳವೆ ಇಟ್ಟು ಕೇಳುತ್ತಿರುವಷ್ಟು ಹೊತ್ತೂ ಸೃಷ್ಟಿ ನನ್ನ ಕಾಲಿನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಆಮೇಲೆ ಅವರು ಹೇಳಿದ್ದು ನನಗಲ್ಲ, ಅವಳಿಗೆ.

“ನಿಮ್ಮವ್ವನ ಎದಿ ಗಟ್ಟಿ ಅದ. ಹೊಟ್ಟಿ ಖಾಲಿ ಇಟ್ಟು ಚಾ ಕುಡೀತಾಳ, ಅದಕ್ಕ ಉರೀತದ. ಉಗುರಿನಾಗ ಚಂದ್ರ ಇದ್ರೂ ಒಂದೇ, ಇಲ್ದಿದ್ರೂ ಒಂದೇ.”

ನಾನು ಎರಡೂ ಕೈ ಮುಂದೆ ಚಾಚಿದೆ. ಅವಳು ಉಗುರು ನೋಡಲೇ ಇಲ್ಲ. ಅಂಗೈಯೊಳಗೆ ಮುಖ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನ ಮನೆಯವರಿಗೆಲ್ಲ ಉಗುರು ತೋರಿಸಲು ಹೇಳಿದ್ದು ನನ್ನ ಕೈಯೊಂದನ್ನು ನೋಡುವ ಸಲುವಾಗಿ ಎಂದು ಆಗ ನನಗೆ ಅರ್ಥವಾಯಿತು.

ಆಮೇಲಿನದು ಅಷ್ಟೇನೂ ಸಲೀಸಾಗಿರಲಿಲ್ಲ. ಸಂಜೆಯಾದ ಮೇಲೆ ಮನೆಯವರೆಲ್ಲರ ಫೋನೂ ದೇವರ ಕೋಣೆಯ ಪಕ್ಕದ ಗೋಡೆಯ ಮಾಡದಲ್ಲಿ ಇರತಕ್ಕದ್ದು ಎಂದಾಯಿತು. ಮೊದಮೊದಲು ಸೃಷ್ಟಿಯ ಹೆಬ್ಬೆರಳು ಹೊದ್ದುಕೊಂಡ ಕೌದಿಯ ಮೇಲೆ ತಾನಾಗಿ ಮೇಲಕ್ಕೂ ಕೆಳಕ್ಕೂ ಓಡುತ್ತಿತ್ತು. ನನ್ನದಂತೂ ರೊಟ್ಟಿಯ ಮೇಲೂ ಓಡಿತು. ಬೇಜಾರಾಗುತ್ತದೆ, ಏನು ಮಾಡಲಿ ಎಂದು ಅವಳು ಕೇಳಿದರೆ, ಅದೇ ಪ್ರಶ್ನೆಯನ್ನು ಕೇಳಲು ಹೊರಟಿದ್ದ ನಾನು ಬಾಯಿ ಮುಚ್ಚುತ್ತಿದ್ದೆ. ಕಡೆಗೆ ಅತ್ತೆಯವರು ಇಬ್ಬರನ್ನೂ ಕಟ್ಟೆಯ ಮೇಲೆ ಆಚೆ ಈಚೆ ಕೂರಿಸಿಕೊಂಡು ತಮ್ಮ ಮೊಣಕಾಲಿನ ಸಂಪೂರ್ಣ ಚರಿತ್ರೆಯನ್ನು ಹೇಳತೊಡಗಿದರು. ಅದನ್ನು ಕೇಳುತ್ತ ಕೇಳುತ್ತ ಮಗಳಿಗೆ ನಿದ್ದೆ ಬರತೊಡಗಿತು. ಈಗ ಹಸಿವೂ ಆಗುತ್ತದೆ. ಕಾಲು ಅಲ್ಲಾಡಿಸುವುದು ಪೂರ್ತಿ ನಿಂತಿಲ್ಲ. ಶಾಲೆಯಿಂದ ದೂರು ಬರುವುದೂ ನಿಂತಿಲ್ಲ. ಈಗ ಪಾಠ ನಡೆದಾಗ ಬಹಳ ಮಾತಾಡುತ್ತಾಳಂತೆ. ಅದನ್ನು ಕೇಳಿ ನಮ್ಮ ಮನೆಯವರು ಪೇಢೆ ತಂದರು.

ಮೊನ್ನೆ ಮತ್ತೊಮ್ಮೆ ತೋರಿಸಿಕೊಂಡು ಬರಲು ಹೋಗಿದ್ದೆವು. ಡಾಕ್ಟರಮ್ಮ ಇನ್ನು ಬರುವುದು ಬೇಡ ಎಂದರು. ವಾಪಸು ಬರುವಾಗ ಬಸ್ಸು ರಾಜೇಶ್ವರ ದಾಟುವುದರೊಳಗೆ ಸೃಷ್ಟಿ ನನ್ನ ಹೆಗಲಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದಳು. ಮುಂದಿನ ಸೀಟಿನ ಹಿರಿಯರೊಬ್ಬರು ಫೋನಿನ ದನಿ ದೊಡ್ಡದಾಗಿಟ್ಟು, ರಾತ್ರಿ ಹೊತ್ತು ಯಾವ ಕಾರಣಕ್ಕೂ ತಿನ್ನಬಾರದ ಒಂದು ಕಾಯಿಪಲ್ಯೆಯ ಬಗ್ಗೆ ಕೇಳುತ್ತಿದ್ದರು. ಹೆಸರನ್ನು ಕೊನೆಯಲ್ಲಿ ಹೇಳುತ್ತೇವೆ ಎನ್ನುತ್ತಿತ್ತು ಆ ವಿಡಿಯೊ. ಮಗಳ ತಲೆ ಅಲುಗದ ಹಾಗೆ ನಾನು ಮೆಲ್ಲಗೆ ಮುಂದಕ್ಕೆ ಬಗ್ಗಿದೆ. ಅವಳು ಕಣ್ಣು ತೆರೆಯದೆ, “ಮಮ್ಮಿ, ಇಣುಕಬ್ಯಾಡ” ಎಂದಳು. ಹಿರಿಯರು ತಿರುಗಿ ನೋಡಿ, ನಾಚಿಕೊಂಡು ಫೋನನ್ನೇ ಆರಿಸಿಬಿಟ್ಟರು. ನಾನು ಕಿಟಕಿಯಾಚೆ ತೊಗರಿ ಹೊಲಗಳನ್ನು ನೋಡುವವಳ ಹಾಗೆ ಕೂತೆ. ಆ ಕಾಯಿಪಲ್ಯೆಯ ಹೆಸರು ತಿಳಿಯದೇ ಉಳಿದದ್ದರಿಂದ, ಅಂದಿನಿಂದ ಇವತ್ತಿನವರೆಗೂ ರಾತ್ರಿ ಊಟಕ್ಕೆ ಕೂತಾಗಲೆಲ್ಲ ಬದನೆಕಾಯಿಯನ್ನು ಬಹಳ ಅನುಮಾನದಿಂದ ನೋಡಿ, ಆಮೇಲೆ ತಿನ್ನುತ್ತಿದ್ದೇನೆ.