ಪ್ರಭಾರಿ ಮ್ಯಾನೇಜರಮ್ಮ

ಮೇಲಿನ ಕುರ್ಚಿ ಖಾಲಿ ಬಿದ್ದಾಗ ಆ ಕೆಲಸವನ್ನು ಕೆಳಗಿನವರ ಹೆಗಲಿಗೆ ಹೊರಿಸೋದು ಸರ್ಕಾರಿ ಕಚೇರಿಗಳಲ್ಲಿ ಯಾವತ್ತೂ ನಿಂತಿಲ್ಲ. ಹಾಗಾಗಿ ಇಂಥ ಪ್ರಸಂಗಗಳಿಗೂ ಬರವಿಲ್ಲ. ಇದಕ್ಕೆ ಪ್ರಭಾರ ಅಂತ ಹೆಸರು. ಹೊತ್ತವರಿಗೆ ಸಂಬಳದ ಮೇಲೆ ಪ್ರಭಾರ ಭತ್ಯೆ ಅಂತ ಒಂದಿಷ್ಟು ಕೊಡಬೇಕು ಅಂತ ನಿಯಮವೂ ಇದೆ. ನಾನು ನಂಜನಗೂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಕ್ಲರ್ಕ್ ಆಗಿದ್ದವಳು. ಒಂಬತ್ತು ವರ್ಷ ಮ್ಯಾನೇಜರ್ ಕೆಲಸ ಮಾಡಿದೆ. ಭಾರ ಕಂಡೆ, ಭತ್ಯೆ ಕಾಣಲಿಲ್ಲ.

೧. ಹದಿನೈದೇ ದಿನ

ತೊಂಬತ್ತರ ದಶಕದ ಕೊನೆ. ನಮ್ಮ ಮ್ಯಾನೇಜರ್ ನಿವೃತ್ತರಾದರು. ಅವರಿಗೆ ಹಾರ ಹಾಕಿ, ಮೈಸೂರುಪಾಕು ಹಂಚಿ, ಬಸ್ ಹತ್ತಿಸಿ ಬಂದ ಅರ್ಧ ಗಂಟೆಗೆ ಸಾಹೇಬರು ನನ್ನನ್ನು ಕರೆಸಿದರು.

"ಮೇಡಂ, ಹೊಸಬರು ಬರೋವರೆಗೆ ಮ್ಯಾನೇಜರ್ ಕೆಲಸ ನೀವೇ ನೋಡ್ಕೊಳ್ಳಿ. ಹದಿನೈದೇ ದಿನ."

"ಮತ್ತೆ ನನ್ನ ಕೆಲಸ ಸಾರ್?"

"ಅದನ್ನೂ ನೋಡ್ಕೊಳ್ಳಿ."

ಕೈಗೆ ಬಂದ ಆದೇಶದಲ್ಲಿ ಹದಿನೈದು ದಿನ ಅಂತ ಇರಲಿಲ್ಲ. 'ಮುಂದಿನ ಆದೇಶದವರೆಗೆ' ಅಂತಿತ್ತು. ನಮ್ಮ ಕಚೇರಿಯ ಜವಾನ ಬದನವಾಳಿನವನು, ನನ್ನ ಓರಗೆಯವನು. ಆ ಸಾಲು ಓದಿ ನಿಟ್ಟುಸಿರು ಬಿಟ್ಟ.

"ಅಮ್ಮಾವ್ರೇ, ನನ್ಗೂ ಇಂಗೇ ಬರ್ಕೊಟ್ಟಿದ್ರು. ವಾಚ್‌ಮನ್ ಬರೋಗಂಟ ಆಫೀಸ್ನಲ್ಲಿ ನೀನೇ ಮನೀಕೊ ಅಂತ. ಅನ್ನೊಂದು ವರ್ಸ ಆಯ್ತು."

"ಇನ್ನೂ ವಾಚ್‌ಮನ್ ಬಂದಿಲ್ವಾ?"

"ಬಂದವ್ನೆ. ಅವ್ನ್ನ ಸಾಯೇಬ್ರ ಮನೆ ಕಾಯಾಕೆ ಮಡೀಕಂಡವ್ರೆ."

೨. ತಾಂಡ್ಯದ ಸೀರೆ

ನನ್ನ ಯಜಮಾನರು ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಅವರ ಸೂಪರ್‌ವೈಸರ್ ಬೈಕಿಂದ ಬಿದ್ದು ಕಾಲು ಮುರಿದುಕೊಂಡಾಗ ಒಂದು ತಿಂಗಳು ಆ ಕೆಲಸವನ್ನು ಇವರು ನೋಡಿಕೊಂಡರು. ತಿಂಗಳ ಕೊನೆಗೆ ಸಂಬಳದ ಜೊತೆ ಆಕ್ಟಿಂಗ್ ಅಲೋಯನ್ಸು, ಅಂದರೆ ಅವರ ಕಡೆಯ ಪ್ರಭಾರ ಭತ್ಯೆ, ಬಂದೇ ಬಿಟ್ಟಿತು. ಅದರಲ್ಲಿ ನನಗೊಂದು ಸೀರೆ ತಂದರು.

"ಯಾರನ್ನ ಹೋಗಿ ಕೇಳಿದ್ರಿ?" ಅಂದೆ.

"ಕೇಳೋದ್ಯಾಕೆ? ಕೆಲ್ಸ ಮಾಡಿದ್ನಲ್ಲ, ಕೊಟ್ರು."

ನಾನು ಸೀರೆ ಮಡಿಲಲ್ಲಿಟ್ಟುಕೊಂಡು ಅತ್ತೆ. ಅಷ್ಟರ ಹೊತ್ತಿಗೆ ನನ್ನ ಹದಿನೈದು ದಿನಕ್ಕೆ ಎರಡು ವರ್ಷ ತುಂಬಿತ್ತು. ಇವಳಿಗೆ ಸೀರೆ ಇಷ್ಟು ಹಿಡಿಸಿತಲ್ಲ ಅಂತ ಪಾಪ ಅವರಿಗೂ ಕಣ್ಣು ತುಂಬಿ ಬಂತು. ಸೂಪರ್‌ವೈಸರ್ ಕಾಲು ಕೂಡೋದು ಇನ್ನೊಂದು ತಿಂಗಳು ತಡವಾಗಲಿ ಅಂತ ಮರುದಿನವೇ ದೇವಸ್ಥಾನಕ್ಕೆ ಹೋಗಿ ಹರಕೆ ಹೊತ್ತು ಬಂದರು.

೩. ಅವ್ವನ ಕಾಮಾಲೆ

ಟಿ. ನರಸೀಪುರದಲ್ಲಿದ್ದ ನಮ್ಮವ್ವನಿಗೆ ಕಾಮಾಲೆಯಾಗಿ ಅಲ್ಲಿನ ಆಸ್ಪತ್ರೆಗೆ ಸೇರಿಸಿದರು. ಹತ್ತು ದಿನ ರಜೆಗೆ ಬರೆದುಕೊಟ್ಟೆ.

"ನಿಮ್ಮ ಚಾರ್ಜ್ ಯಾರು ತಗೋತಾರೆ?" ಅಂದರು ಸಾಹೇಬರು.

ಹೊರಗೆ ಬಂದು ಒಬ್ಬೊಬ್ಬರನ್ನೇ ಕೇಳಿದೆ. ಎಲ್ಲರೂ ಫೈಲಿನೊಳಗೆ ಮುಖ ಹುದುಗಿಸಿದರು. ನನ್ನ ಪಾಡು ಅವರೂ ಕಂಡಿದ್ದರಲ್ಲ. ಮತ್ತೆ ಒಳಗೆ ಹೋಗಿ, "ಸಾರ್, ಅವ್ವನಿಗೆ ನಾನೊಬ್ಳೇ ಮಗಳು" ಅಂತ ಕಣ್ಣೀರು ಹಾಕಿದೆ. ಸಾಹೇಬರು ಕೆಟ್ಟವರಲ್ಲ, ಮನಸ್ಸು ಕರಗಿತು. ಮರುದಿನ ನಗುನಗುತ್ತಾ ಒಂದು ಆದೇಶ ಕೈಗಿಟ್ಟರು. ನಮ್ಮ ಇಲಾಖೆಯ ನರಸೀಪುರದ ಕಚೇರಿಯಲ್ಲೂ ಮ್ಯಾನೇಜರ್ ಹುದ್ದೆ ಖಾಲಿ ಇತ್ತು. ವಾರಕ್ಕೆ ಮೂರು ದಿನ ಅದನ್ನೂ ನಾನೇ ನೋಡಬೇಕಂತೆ.

"ನೋಡಿ ಮೇಡಂ, ಈಗ ರಜೇನೇ ಬೇಡ! ಡ್ಯೂಟಿ ಮೇಲೆ ಹೋಗಿ ತಾಯೀನ ನೋಡ್ಕೊಂಡು ಬರಬಹುದು."

ಅವ್ವನ ಕಾಮಾಲೆ ಮೂರು ವಾರಕ್ಕೆ ಬಿಟ್ಟಿತು. ನರಸೀಪುರ ನನ್ನನ್ನು ಐದು ವರ್ಷವಾದರೂ ಬಿಡಲಿಲ್ಲ.

೪. ನನಗೆ ನಾನೇ

ಒಂದು ದಿನ ಧೈರ್ಯ ಮಾಡಿ ಭತ್ಯೆಗೆ ಅರ್ಜಿ ಬರೆದೆ. ನೌಕರರ ಅರ್ಜಿಯನ್ನು ಮ್ಯಾನೇಜರ್ ಶಿಫಾರಸು ಮಾಡಿ ಮೈಸೂರಿನ ಮೇಲಿನ ಕಚೇರಿಗೆ ಕಳಿಸಬೇಕು. ಮ್ಯಾನೇಜರ್ ನಾನೇ. 'ಸದರಿ ನೌಕರರು ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದಾರೆ' ಅಂತ ನಾಚಿಕೊಂಡೇ ಬರೆದು ಸಹಿ ಹಾಕಿದೆ.

ಎಂಟು ತಿಂಗಳಿಗೆ ಉತ್ತರ ಬಂತು. 'ಗುಮಾಸ್ತರೊಬ್ಬರು ತಮ್ಮ ಅರ್ಜಿಗೆ ತಾವೇ ಶಿಫಾರಸು ಮಾಡಿಕೊಂಡಿರುವುದು ಅಶಿಸ್ತು. ಮ್ಯಾನೇಜರ್ ಅವರು ಸದರಿಯವರಿಗೆ ನೋಟಿಸು ನೀಡಿ ವಿವರಣೆ ಪಡೆಯತಕ್ಕದ್ದು.'

ನೋಟಿಸು ತಯಾರು ಮಾಡಿ ಜವಾನನಿಗೆ ಕೊಟ್ಟೆ. ಅವನು ಅದನ್ನು ಹಿಡಿದು ಮೇಜನ್ನು ಒಂದು ಸುತ್ತು ಹಾಕಿ ಬಂದು ನನ್ನ ಮುಂದೆಯೇ ನಿಂತ.

"ಸೈನ್ ಆಕಿ ತಕ್ಕಳಿ ಅಮ್ಮಾವ್ರೇ. ತಕ್ಕಳ್ದಿದ್ರೆ ನಿಮ್ಮನೆ ಬಾಗ್ಲಿಗೆ ಅಂಟುಸ್ಬೇಕಾಯ್ತದೆ, ರೂಲ್ಸು."

ಸಹಿ ಹಾಕಿ ತಗೊಂಡೆ. ತಪ್ಪಾಯಿತು ಅಂತ ವಿವರಣೆ ಬರೆದೆ. 'ವಿವರಣೆ ತೃಪ್ತಿಕರವಾಗಿಲ್ಲ' ಅಂತ ಅದರ ಕೆಳಗೆ ನಾನೇ ಷರಾ ಹಾಕಿದೆ. ತೃಪ್ತಿಕರ ಅಂದಿದ್ದರೆ ಮೈಸೂರಿನವರು ಅದಕ್ಕೂ ಒಂದು ನೋಟಿಸು ಕೊಡಿಸುತ್ತಿದ್ದರು.

೫. ನ್ಯಾಯವಂತ ಸಾಹೇಬರು

ಹಳೇ ಸಾಹೇಬರು ವರ್ಗವಾಗಿ ಹೊಸಬರು ಬಂದರು. ಇನ್ನೂ ಚಿಕ್ಕ ವಯಸ್ಸು, ನ್ಯಾಯ ಅಂದರೆ ಪ್ರಾಣ. ನನ್ನ ಫೈಲು ಓದಿ ಕೆಂಡವಾದರು. ತಾವೇ ಕೂತು ಮೇಲಕ್ಕೆ ಎರಡು ಪುಟ ಬರೆದರು: 'ಈಕೆ ಒಂಬತ್ತು ವರ್ಷಗಳಿಂದ ಗುಮಾಸ್ತರ ಸಂಬಳದಲ್ಲೇ ಮ್ಯಾನೇಜರ್ ಕೆಲಸವನ್ನು, ಅದರಲ್ಲಿ ಐದು ವರ್ಷ ಎರಡು ಕಚೇರಿಗಳಲ್ಲಿ, ಒಂದೂ ದೂರಿಲ್ಲದೆ ನಿರ್ವಹಿಸಿದ್ದಾರೆ.' ನಾನು ಅದನ್ನು ಎರಡೆರಡು ಸಲ ಓದಿದೆ. ಮನೆಯಲ್ಲಿ ಯಜಮಾನರು ಸೋರುವ ಅಡಿಗೆಮನೆಗೆ ತಾರಸಿ ಹಾಕಿಸೋಣ ಅಂತ ಮೇಸ್ತ್ರಿಯನ್ನು ಕರೆಸಿ ಅಳತೆಯನ್ನೂ ತೆಗೆಸಿದರು.

ಆದೇಶ ಬಂತು.

'ಗುಮಾಸ್ತರ ಮಟ್ಟದಲ್ಲೇ ಈ ಕೆಲಸ ಒಂಬತ್ತು ವರ್ಷ ಸಮರ್ಪಕವಾಗಿ ನಡೆದಿರುವುದು ರುಜುವಾತಾಗಿರುತ್ತದೆ. ಆದ್ದರಿಂದ ಎರಡೂ ಕಚೇರಿಗಳ ಮ್ಯಾನೇಜರ್ ಹುದ್ದೆಗಳನ್ನು ಅನಗತ್ಯವೆಂದು ರದ್ದುಪಡಿಸಲಾಗಿದೆ. ಇಲ್ಲದ ಹುದ್ದೆಗೆ ಭತ್ಯೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಸದರಿ ಕೆಲಸವನ್ನು ಈಗಿನ ಗುಮಾಸ್ತರೇ ಮುಂದುವರಿಸತಕ್ಕದ್ದು.'

ಸಾಹೇಬರು ತಲೆ ತಗ್ಗಿಸಿ ಕೂತಿದ್ದರು. "ಮೇಡಂ, ನಾನು ನಿಮ್ಮನ್ನ ಅಷ್ಟೊಂದು ಹೊಗಳಬಾರದಿತ್ತು" ಅಂದರು.

ಹೊರಗೆ ಬಂದು ಬೆಂಚಿನ ಮೇಲೆ ಕುಸಿದೆ. ಜವಾನ ಒಂದು ಲೋಟ ನೀರು ತಂದುಕೊಟ್ಟ. ನಾನು ಕುಡಿದು ಮುಗಿಸಿದ ಮೇಲೆ ಅದೇ ಆದೇಶದ ಇನ್ನೊಂದು ಪ್ರತಿ ತೋರಿಸಿದ. ಅದರ ಮೇಲೆ 'ಮ್ಯಾನೇಜರ್ ಅವರ ಮಾಹಿತಿಗಾಗಿ' ಅಂತಿತ್ತು.

"ಅಮ್ಮಾವ್ರೇ, ಇದ ಯಾರ್ಗ್ ಕೊಡ್ಲಿ?"

"ಅಂಥ ಹುದ್ದೇನೇ ಇಲ್ವಂತೆ ಕಣಪ್ಪಾ. ವಾಪಸ್ ಕಳಿಸ್ಬಿಡು."

ಅವನು ತಲೆ ಕೆರೆದುಕೊಂಡ.

"ವಾಪಸ್ ಕಳ್ಸಾಕೆ ಮ್ಯಾನೇಜರ್ ಸೈನು ಬೇಕಲ್ಲ ಅಮ್ಮಾವ್ರೇ."