ನೇತ್ರಾಣಿಗೆ ಅತ್ತೆಯ ಮರೆಯಲ್ಲಿ

ಹೆದರಿಕೆಯನ್ನು ಒಬ್ಬರೇ ಬಚ್ಚಿಟ್ಟುಕೊಳ್ಳುವುದು ಕಷ್ಟ. ಅದಕ್ಕೊಂದು ಮರೆ ಬೇಕು. ಚಿಕ್ಕ ಮಕ್ಕಳು ನಾಯಿ ಕಂಡರೆ ತಾಯಿಯ ಸೆರಗಿನ ಹಿಂದೆ ಸರಿಯುತ್ತಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ. ನನಗೆ ನಲವತ್ತೊಂಬತ್ತು ವರ್ಷ. ನಿಪ್ಪಾಣಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ನಾನು ಹೆದರುವುದು ನೀರಿಗೆ, ಸರಿದು ನಿಂತದ್ದು ಹೆಂಡತಿಯ ತಾಯಿಯ ಹಿಂದೆ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ಇನ್ನೂ ಇದೆ.

ನೀರೆಂದರೆ ಬಕೆಟ್ಟಿನ ನೀರಲ್ಲ, ಅದರ ಜೊತೆ ನನ್ನ ಸಂಬಂಧ ಚೆನ್ನಾಗಿಯೇ ಇದೆ. ಮೊಣಕಾಲು ದಾಟಿ ಮೇಲೆ ಬರುವ ನೀರು ಮಾತ್ರ ನನಗಾಗದು. ಪ್ರತಿವರ್ಷ ಬೋರ್ಡಿನ ಮೇಲೆ ಹವಳದ ದಿಬ್ಬದ ಚಿತ್ರ ಬರೆದು, ಸಮುದ್ರದ ತಳದಲ್ಲಿ ಒಂದು ಊರಿಗೆ ಊರೇ ಇದೆ ಎಂದು ಪಾಠ ಮಾಡುತ್ತೇನೆ. ಆ ಊರಿಗೊಮ್ಮೆ ಹೋಗಿಬರಬೇಕೆಂದು ಮಾತ್ರ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಹೀಗಿರುವಾಗ ಐಗಳಿಯಿಂದ ಹೆಂಡತಿಯ ತಮ್ಮ ಮಹಾವೀರನ ಫೋನು ಬಂತು. ಕಬ್ಬು ಫ್ಯಾಕ್ಟರಿಗೆ ಹೋಗಿ ಅವನಿಗೆ ಬಿಡುವಾಗಿತ್ತು. "ಮಾಮಾ, ಮುರ್ಡೇಶ್ವರದಿಂದ ಬೋಟ್ ಹಿಡದ್ರ ನೇತ್ರಾಣಿ ಅಂತ ಒಂದ ನಡುಗಡ್ಡಿ ಐತಿ. ನೀರಾಗ ಮುಖ ಇಟ್ರ ಸಾಕ, ಬಣ್ಣಬಣ್ಣದ ಮೀನ ಕಾಣ್ತಾವಂತ. ನೀವು ಸೈನ್ಸ್ ಮಾಸ್ತರು. ನೀವ ಬರಲಿಲ್ಲಂದ್ರ ಹೆಂಗ?" ಎಂದ. ಪಕ್ಕದಲ್ಲಿದ್ದ ನನ್ನ ಹೆಂಡತಿ ಸುನಂದಾ ಆಗಲೇ ಕುಣಿಯತೊಡಗಿದ್ದಳು.

ಆ ಗಳಿಗೆಯಲ್ಲಿ ನನಗೊಂದು ಉಪಾಯ ಹೊಳೆಯಿತು. "ಅತ್ತೀನೂ ಕರಕೊಂಡ ಹೋಗೂಣು. ಪಾಪ, ಅವರು ಸಮುದ್ರಾನ ನೋಡಿಲ್ಲ" ಅಂದೆ. ಸುನಂದಾಳ ಕಣ್ಣು ತುಂಬಿ ಬಂತು. "ನಮ್ಮವ್ವನ ಮ್ಯಾಲ ನಿಮಗ ಇಷ್ಟ ಕಾಳಜಿ ಐತಂತ ನನಗ ಗೊತ್ತ ಇರಲಿಲ್ರಿ" ಎಂದಳು. ನಾನು ವಿನಯದಿಂದ ತಲೆ ತಗ್ಗಿಸಿದೆ. ನನ್ನ ಲೆಕ್ಕ ಇಷ್ಟೇ: ಅತ್ತೆಗೆ ಅರವತ್ನಾಲ್ಕು ವರ್ಷ, ಸೀರೆ ಬಿಟ್ಟು ಬೇರೆ ಉಟ್ಟವರಲ್ಲ, ನೀರಿಗಂತೂ ಇಳಿಯುವುದಿಲ್ಲ. ಅವರನ್ನು ಬೋಟಿನಲ್ಲಿ ಒಬ್ಬರನ್ನೇ ಬಿಡಲಾದೀತೇ? ಜೊತೆಗೆ ಒಬ್ಬರು ಕೂರಲೇಬೇಕು. ಆ ತ್ಯಾಗವನ್ನು ಅಳಿಯನಲ್ಲದೆ ಮತ್ತಾರು ಮಾಡಬೇಕು?

ನಾವು ಜೈನರು. ಜೈನರ ಮನೆಯವರು ಮೀನಿನ ಹೆಸರು ಹೇಳಿಕೊಂಡು ಪ್ರವಾಸ ಹೊರಟರೆ ಓಣಿ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ಮರಾಠಿ ಅಜ್ಜಿ ಕಟ್ಟೆಯ ಮೇಲಿಂದಲೇ, "ನುಸ್ತ ಬಘಾಯ್ಲಾ ನಾ, ಸರ್?" ಎಂದು ಕೇಳಿದರು. ಬರೀ ನೋಡಲಿಕ್ಕೇ ತಾನೇ ಎಂದು ಅವರ ಅನುಮಾನ. ಬರೀ ನೋಡುವುದಕ್ಕೂ ನನಗೆ ಮನಸ್ಸಿಲ್ಲ ಎಂದು ಅವರಿಗೆ ಹೇಗೆ ಹೇಳಲಿ?

ಮುರ್ಡೇಶ್ವರದಲ್ಲಿ ಬೆಳಿಗ್ಗೆ ಬೋಟು ಹತ್ತುವ ಮೊದಲು ಧೈರ್ಯಕ್ಕಿರಲಿ ಎಂದು ಮೂರು ಶೇಂಗಾ ಹೋಳಿಗೆ ತಿಂದಿದ್ದೆ. ದಂಡೆ ಕಣ್ಮರೆಯಾಗುವಷ್ಟರಲ್ಲಿ ಮೂರೂ ಒಂದೊಂದಾಗಿ ಸಮುದ್ರದ ಪಾಲಾದವು. ಅತ್ತೆ ನನ್ನ ಬೆನ್ನು ತಿಕ್ಕಿ, ನಿಂಬೆಹಣ್ಣು ಮೂಸಿಸಿ, "ಆತು, ಈಗ ನಡುಗಡ್ಡಿ ಬಂದೇ ಬಿಡ್ತೈತ್ರಿ" ಎಂದು ಸಮಾಧಾನ ಹೇಳುತ್ತಿದ್ದರು. ಯಾರು ಯಾರ ಕಾಳಜಿ ಮಾಡಲು ಬಂದವರು ಎಂಬ ಪ್ರಶ್ನೆ ಆಗಲೇ ಏಳಬೇಕಿತ್ತು.

ನೇತ್ರಾಣಿ ಎಂದರೆ ನೀರಿನ ನಡುವೆ ಎದ್ದು ನಿಂತ, ಗಿಡ ಬೆಳೆದ ಕಲ್ಲುಗುಡ್ಡ. ಮೇಲೆ ಹತ್ತುವಂತಿಲ್ಲ. ಬೋಟನ್ನು ಬದಿಯಲ್ಲಿ ನಿಲ್ಲಿಸಿ ಏಣಿಯಿಂದ ನೀರಿಗಿಳಿಯಬೇಕು. ನಮ್ಮನ್ನು ಇಳಿಸಲು ಬಂದಿದ್ದ ಕರಾವಳಿಯ ಹೆಣ್ಣುಮಗಳು, "ಯಾರೆಲ್ಲ ಇಳೀತೀರಿ?" ಎಂದು ಕೇಳಿದಳು. ಮಹಾವೀರ, ಅವನ ಹೆಂಡತಿ, ಸುನಂದಾ ಕೈ ಎತ್ತಿದರು. ನಾನು ಸಿದ್ಧಪಡಿಸಿಟ್ಟಿದ್ದ ಮಾತು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಮ್ಮ ಚೀಲದಿಂದ ಮೊಮ್ಮಗಳ ಹಳೆಯ ಚೂಡಿದಾರ ತೆಗೆದರು.

"ನಾನೂ ಇಳೀತೀನವಾ."

"ಅತ್ತೀ, ಇದು ಸಮುದ್ರ ಐತ್ರಿ!" ಎಂದೆ.

"ಕಣ್ಣ ಕಾಣ್ತಾವ್ರಿ ಅಳಿಯಾರ. ನನ್ನ ತವರಮನಿ ಕೃಷ್ಣಾ ಹೊಳಿ ದಂಡಿ ಮ್ಯಾಲ. ಲಗ್ನ ಆಗೂತನಾ ಈ ದಂಡಿಯಿಂದ ಆ ದಂಡಿಗೆ ಈಜಾಡಿದಾಕಿ ನಾ. ಐಗಳಿಗೆ ಬಂದ ಮ್ಯಾಲ ಕೊಡದಾಗಿನ ನೀರ ಬಿಟ್ರ ಬ್ಯಾರೆ ನೀರ ಮುಟ್ಟಿಲ್ಲ."

ಸುನಂದಾ ತಾಯಿಯನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಮಗಳಿಗೇ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವರ ಕೈಯ ರೊಟ್ಟಿ ತಿಂದ ನಾನಂತೂ ಕೇಳಿಯೇ ಇರಲಿಲ್ಲ.

ಆ ಹೆಣ್ಣುಮಗಳೂ ಸೇರಿ ಐವರೂ ಇಳಿದರು. ಬೋಟಿನಲ್ಲಿ ಉಳಿದವರು ನಾನು ಮತ್ತು ಚಾಲಕ. "ನೀವು ಇಳಿಯೂದಿಲ್ವಾ ಸರ್?" ಎಂದು ಅವನು ಕೇಳಿದ. "ಎಲ್ಲರ ಮೇಲೆ ಒಬ್ಬರು ಲಕ್ಷ್ಯ ಇಡಬೇಕಲ್ಲ" ಎಂದು ಗಂಭೀರವಾಗಿ ಹೇಳಿ, ದಂಡೆಯಲ್ಲೇ ತೊಟ್ಟಿದ್ದ ಲೈಫ್ ಜಾಕೀಟಿನ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡಿಕೊಂಡೆ. ಹೇಳಿದ ಮೇಲೆ ಎಣಿಸಬೇಕಾಯಿತು. ನೀರ ಮೇಲೆ ನಾಲ್ಕು ಕೇಸರಿ ಜಾಕೀಟು. ಮತ್ತೆ ಎಣಿಸಿದೆ. ನಾಲ್ಕೇ. ಅತ್ತೆಯದು ಇಲ್ಲ.

ಆ ಮುದುಕಿಯನ್ನು ಅವರ ಸಂತೋಷಕ್ಕೆಂದು ನಾನು ಕರೆತಂದಿರಲಿಲ್ಲ, ನನ್ನ ಮರೆಗೆಂದು ಕರೆತಂದಿದ್ದೆ. ಏನಾದರೂ ಆದರೆ ಸುನಂದಾಳ ಮುಖ ಹೇಗೆ ನೋಡಲಿ? ಬೋಟಿನ ಇನ್ನೊಂದು ಬದಿಗೆ ಓಡಿ ಬಗ್ಗಿದೆ. ಅದೇ ಹೊತ್ತಿಗೆ ಒಂದು ಅಲೆ ಬಂತು, ಕಾಲು ಜಾರಿತು. "ಅತ್ತೀ!" ಎಂದು ಕಿರುಚುತ್ತ ಅರಬ್ಬೀ ಸಮುದ್ರದಲ್ಲಿ ಬಿದ್ದೆ.

ಅತ್ತೆ ಅಲ್ಲೇ ಇದ್ದರು. ಬೋಟಿನ ಹಗ್ಗ ಹಿಡಿದು ನೆರಳಿನಲ್ಲಿ ಮೀನು ನೋಡುತ್ತಿದ್ದರು. ನನ್ನ ಜಾಕೀಟಿನ ಕುತ್ತಿಗೆ ಹಿಡಿದೆತ್ತಿ, "ಅಳಿಯಾರ, ಕಾಲ ಬಡೀಬ್ಯಾಡ್ರಿ, ಮೀನ ಹೆದರ್ತಾವ" ಎಂದರು. ನಂತರ ತಮ್ಮ ಮುಖದ ಈಜುಗನ್ನಡಕ ಬಿಚ್ಚಿ ನನ್ನ ಮುಖಕ್ಕೆ ಒತ್ತಿದರು. "ಉಸಿರ ಹಿಡದ ಮುಖ ಅಷ್ಟ ನೀರಾಗ ಇಡ್ರಿ. ಜಾಕೀಟ ಮುಳಗಾಕ ಬಿಡೂದಿಲ್ಲ. ನಾನೂ ಬಿಡೂದಿಲ್ಲ."

ಇಟ್ಟೆ. ವರ್ಷಾನುವರ್ಷ ಬಿಳಿ ಸೀಮೆಸುಣ್ಣದಲ್ಲಿ ನಾನು ಬರೆದಿದ್ದ ಊರು ಅರಿಸಿನ, ನೀಲಿ, ಗಿಳಿಹಸಿರು ಬಳಿದುಕೊಂಡು ಕೆಳಗೆ ಹರಡಿತ್ತು. ಪಟ್ಟೆ ಪಟ್ಟೆಯ ಮೀನೊಂದು, ಶಾಲೆ ತಪಾಸಣೆಗೆ ಬಂದ ಸಾಹೇಬರ ಹಾಗೆ, ನನ್ನ ಮುಖದ ಮುಂದೆ ಬಂದು ನಿಂತು ನೋಡಿ ಏನೂ ಹೇಳದೆ ಹೋಯಿತು. ದೂರದಲ್ಲಿ ಆಮೆಯೊಂದು ಯಾವ ಅವಸರವೂ ಇಲ್ಲದೆ ಸಾಗುತ್ತಿತ್ತು. ಉಸಿರಿಗೆಂದು ತಲೆ ಎತ್ತಿದವನು ನಾನಾಗಿಯೇ ಮತ್ತೆ ಮುಖ ಇಟ್ಟೆ. ಅತ್ತೆ ಬದುಕಿದ್ದರು, ನಾನೂ ಬದುಕಿದ್ದೆ.

ಗದ್ದಲ ಕೇಳಿ ಸುನಂದಾ ಕೈಕಾಲು ಬಡಿಯುತ್ತ ಬಂದಳು. "ಏನಾತ್ರಿ? ನೀವು ನೀರಾಗ?"

ನಾನು ಬಾಯಿಯೊಳಗಿನ ಉಪ್ಪುನೀರು ಉಗುಳುವಷ್ಟರಲ್ಲಿ ಅತ್ತೆಯೇ ಉತ್ತರ ಕೊಟ್ಟರು. "ನಾ ಕಾಣಲಿಲ್ಲಂತ ಗಾಬರ್ಯಾಗಿ ಜಿಗದ್ರವಾ. ಇಂಥಾ ಅಳಿಯ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ."

ಬೋಟಿನ ಚಾಲಕ ಒಮ್ಮೆ ಕೆಮ್ಮಿ, ಗುಡ್ಡದ ಕಡೆ ಮುಖ ತಿರುಗಿಸಿದ.

ಈಗ ಐಗಳಿಗೆ ಹೋದರೆ ಬೀಗರೆಲ್ಲ ನನ್ನನ್ನು ಬೇರೆಯೇ ಗೌರವದಿಂದ ನೋಡುತ್ತಾರೆ. ನನಗದು ಚುಚ್ಚತೊಡಗಿತು. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಹೇಳಿಯೇಬಿಟ್ಟೆ: "ಅತ್ತೀ, ಖರೇ ಹೇಳ್ತೀನಿ. ನಾ ಜಿಗೀಲಿಲ್ಲ. ಕಾಲ ಜಾರಿ ಬಿದ್ದೆ."

"ಗೊತ್ತೈತಿರಿ. ನಾ ಕೆಳಗ ಹಗ್ಗಾ ಹಿಡಕೊಂಡ ನೋಡಾಕತ್ತಿದ್ದೆನಲ್ಲ" ಎನ್ನುತ್ತ ಅವರು ಚಹಾದ ಕಪ್ಪು ಮುಂದಿಟ್ಟರು. "ಆದ್ರ ಬೀಳುವಾಗ 'ಅತ್ತೀ' ಅಂತ ಒದರಿದ್ರಲ್ಲ, ಅದು ಸುಳ್ಳೇನ್ರಿ? ತನ್ನ ಜೀವಾ ಹೋಗು ಹೊತ್ತಿನ್ಯಾಗ ಅತ್ತಿ ಜೀವದ ಚಿಂತಿ ಮಾಡಾವ್ರು ಎಷ್ಟ ಮಂದಿ ಅದಾರು?"

ನಾನು ಕೂಗಿದ್ದು ಅವರನ್ನು ಉಳಿಸಲಿಕ್ಕಲ್ಲ, ಅವರು ಬಂದು ನನ್ನನ್ನು ಉಳಿಸಲಿ ಎಂದು. ಅಷ್ಟು ಸತ್ಯವನ್ನು ಚಹಾದ ಜೊತೆ ನುಂಗಿಬಿಟ್ಟೆ.