ಔಷಧಿ ಅಂಗಡಿಯ ಏಳನೆಯ ನಿಯಮ

ನಿಯಮ ಬರೆಯುವುದರಲ್ಲಿರುವ ಸುಖ ಅದನ್ನು ಪಾಲಿಸುವುದರಲ್ಲಿ ಇಲ್ಲ. ಇದು ಸ್ವಂತ ಅನುಭವದಿಂದ ಹೇಳುವ ಮಾತು. ಎಂಬತ್ತರ ದಶಕದಲ್ಲಿ ಬನಹಟ್ಟಿಯಲ್ಲಿ ನನ್ನದೊಂದು ಔಷಧಿ ಅಂಗಡಿ ಇತ್ತು. ಸುತ್ತಲಿನ ಅಂಗಡಿಕಾರರೆಲ್ಲ ಒಮ್ಮೆ ಜಮಖಂಡಿಯಲ್ಲಿ ಸೇರಿ, ಔಷಧಿ ಕೊಡುವ ಕ್ರಮ ಎಲ್ಲ ಅಂಗಡಿಗಳಲ್ಲೂ ಒಂದೇ ತೆರನಾಗಿರಬೇಕೆಂದು ತೀರ್ಮಾನಿಸಿದೆವು. ಬರೆಯುವವರು ಯಾರು? "ನಿಮ್ಮ ಅಕ್ಷರ ಛಲೋ ಅದಾವ್ರಿ, ನೀವ ಬರೀರಿ," ಎಂದರು ಹಿರಿಯರೊಬ್ಬರು. ಡಾಕ್ಟರರ ಚೀಟಿ ಓದಿ ಓದಿ ಕಣ್ಣು ಕೆಡಿಸಿಕೊಂಡವರ ನಡುವೆ ಇದೇನು ಸಣ್ಣ ಅರ್ಹತೆಯಲ್ಲ. ಉಬ್ಬಿಹೋಗಿ ಹನ್ನೆರಡು ನಿಯಮ ಬರೆದೆ. ಚೀಟಿಯನ್ನು ಎರಡು ಸಲ ಓದಬೇಕು, ಅಕ್ಷರ ತಿಳಿಯದಿದ್ದರೆ ಊಹಿಸದೆ ಡಾಕ್ಟರರನ್ನೇ ಕೇಳಬೇಕು, ಹೀಗೆ. ಏಳನೆಯದರ ಮೇಲೆ ನನಗೆ ವಿಶೇಷ ಅಭಿಮಾನ: ಔಷಧಿ ಯಾರಿಗೆ, ಮೈಯ ಯಾವ ಭಾಗಕ್ಕೆ, ಎಷ್ಟು ಎಂಬುದನ್ನು ಗಿರಾಕಿಯಿಂದ ತಿರುಗಿ ಹೇಳಿಸಬೇಕು.

ಅವನ್ನು ಮುಂದಿನ ಸಭೆಯಲ್ಲಿ ಓದುವ ಮೊದಲು ನನ್ನ ಅಂಗಡಿಯಲ್ಲೇ ಪ್ರಯೋಗ ಶುರುಮಾಡಿದೆ. ಮಗ್ಗ ನಿಲ್ಲಿಸಿ ಓಡಿಬಂದ ನೇಕಾರರಿಗೆ ಇದು ಮಾಸ್ತರನ ಕಾಟದಂತಾಯಿತು. "ಗುಳಿಗಿ ಕೊಡ್ತೀರೋ, ಪಾಠ ಒಪ್ಪಸ್ಕೊಂತೀರೋ?" ಎಂದು ಒಬ್ಬರು ಎದುರಂಗಡಿಗೇ ಹೋದರು. ಚಿಮ್ಮಡದ ಗಂಗವ್ವ ಎಂಬ ಅಜ್ಜಿ ಮಾತ್ರ ಪ್ರತಿ ಸಲ ಕೈಕಟ್ಟಿ ನಿಂತು, ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು.

ಸಭೆಯ ಹಿಂದಿನ ದಿನ ಅಂಗಡಿ ತುಂಬ ಜನ. ನನ್ನ ತಲೆಯಲ್ಲಿ ಮರುದಿನದ ಭಾಷಣ. ಗಂಗವ್ವ ಚೀಟಿ ಕೊಟ್ಟಳು. ಕಪಾಟಿನಿಂದ ಬಾಟಲಿ ತೆಗೆದುಕೊಟ್ಟು, "ಎರಡೆರಡು ಹನಿ, ದಿನಾ ಮೂರು ಸಲ," ಎಂದು ಮುಂದಿನವರ ಕಡೆ ತಿರುಗಿದೆ. ಅಜ್ಜಿ ಕದಲಲಿಲ್ಲ.

"ಯಾಕ ಆಯಿ, ಬಸ್ ತಪ್ಪೀತು."

"ಇವತ್ತ ನೀ ನನ್ನ ಕೇಳಲೇ ಇಲ್ಲಲ್ಲೋ ತಮ್ಮಾ."

"ನಿನಗ ಎಲ್ಲಾ ಗೊತ್ತೈತಿ, ಹೋಗಬೇ."

"ಹಂಗಂದ್ರ ಹೆಂಗ? ಕೇಳು."

ಕೇಳಿದೆ. ಅಜ್ಜಿ ಕೈಕಟ್ಟಿಕೊಂಡಳು. "ಮೊಮ್ಮಗಳ ಕಣ್ಣಿಗೆ. ಎರಡೆರಡು ಹನಿ. ದಿನಾ ಮೂರು ಸಲ."

ನಾನು ಕೊಟ್ಟದ್ದು ಕಿವಿಯ ಔಷಧಿ. ಡಬ್ಬಿಯ ಬಣ್ಣ ನೋಡಿ ಕೈಹಾಕಿದ್ದೆ. ಬಾಟಲಿ ಹಿಂದಕ್ಕೆ ಪಡೆದೆ. ಕಣ್ಣಿನದನ್ನು ಹುಡುಕಿ, ಮೂರು ಸಲ ಓದಿ ಕೊಟ್ಟೆ. "ತಪ್ಪಾತಬೇ. ಕಿವೀದು ಕೊಟ್ಟಿದ್ದೆ."

ಅಜ್ಜಿ ಬೈಯಲಿಲ್ಲ. ಬಾಟಲಿಯನ್ನು ತಿರುಗಿಸಿ ನೋಡಿ, "ಈಗ ನೀ ಹೇಳು," ಎಂದಳು. ಗಿರಾಕಿಗಳೆಲ್ಲರ ಎದುರು ನಾನೂ ಕೈಕಟ್ಟಿ ಒಪ್ಪಿಸಿದೆ.

ಮರುದಿನ ಜಮಖಂಡಿಯಲ್ಲಿ ಏಳನೆಯ ನಿಯಮಕ್ಕೇ ತಕರಾರು ಬಂತು. "ಗದ್ದಲದಾಗ ಇದೆಲ್ಲಾ ಆಗೂದಿಲ್ರಿ," ಎಂದರು ಮುಧೋಳದವರೊಬ್ಬರು. ನಾನೆದ್ದು ಹಿಂದಿನ ದಿನದ ಕಥೆಯನ್ನು ಒಂದೂ ಬಿಡದೆ ಹೇಳಿದೆ. ಅಂಗಡಿಕಾರನ ಹೆಸರೊಂದನ್ನು ಬಿಟ್ಟು. ನಿಯಮ ಒಮ್ಮತದಿಂದ ಪಾಸಾಯಿತು. ಆಮೇಲೆ, ನನ್ನ ಅಕ್ಷರ ಮೆಚ್ಚಿದ್ದ ಅದೇ ಹಿರಿಯರು ಕನ್ನಡಕ ತೆಗೆದು, "ಅಂಥಾ ಮನಷ್ಯಾನ್ನ ಕೌಂಟರಿನಾಗ ನಿಂದರಸಬಾರದ ನೋಡ್ರಿ," ಎಂದರು. ಎಲ್ಲರಿಗಿಂತ ಮೊದಲು ಹೌದೆಂದು ತಲೆಯಾಡಿಸಿದವನು ನಾನೇ.